ಬಚ್ಚಲ ಗೋಡೆಯ ಒದ್ದೆ

"ಆ ಗೋಡೆ ಬಿಚ್ಚಬೇಡ. ನನ್ನ ಮಾತು ಕೇಳು, ಬಿಚ್ಚಬೇಡ."

ಹಿರಿಸೊಸೆ ಬಚ್ಚಲುಮನೆಯ ಹೊಸ್ತಿಲಾಚೆ ನಿಂತು ಹೇಳಿದಳು. ಒಳಗೆ ಕಿರಿಸೊಸೆ ಮೊಣಕಾಲೂರಿ ಕುಳಿತು ಶವರಿನ ಕೆಳಗಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು. ತಟ್ಟಿದಲ್ಲೆಲ್ಲ ಒಳಗೆ ಏನೂ ಇಲ್ಲದ ಟೊಳ್ಳು ಸದ್ದು.

"ನಾನು ಬಿಚ್ಚದಿದ್ರೆ ಅದೇ ಬಿಚ್ಕೊಂಡು ಯಾರ ತಲೆ ಮೇಲಾದ್ರೂ ಬೀಳತ್ತೆ ಅಕ್ಕ," ಎಂದು ಅವಳು ನಕ್ಕಳು. "ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ? ಕಣ್ಣಿಗೆ ಬಟ್ಟೆ ಕಟ್ಕೊಂಡು ಹಾಕಿದ್ನಾ?"

"ಮಾವನವರೇ ಹಾಕಿದ್ದು."

ತೀರಿಕೊಂಡವರ ಬಗ್ಗೆ ಆಡಬಾರದ ಮಾತಾಡಿದೆನೆಂದು ಕಿರಿಸೊಸೆ ನಾಲಿಗೆ ಕಚ್ಚಿಕೊಂಡಳು. ಆದರೂ ಅವಳ ಕಣ್ಣು ಗೋಡೆಯನ್ನು ಬಿಡಲಿಲ್ಲ. ಅಮೃತಶಿಲೆಯ ಚಿತ್ರ ಮುದ್ರಿಸಿದ ಪ್ಲಾಸ್ಟಿಕ್ ಪ್ಯಾನೆಲ್‌ಗಳು ಅವು. ಒಂದರ ಅಂಚು ಇನ್ನೊಂದರ ಸಂದಿಯಲ್ಲಿ ಕೂರಬೇಕು. ಇಲ್ಲಿ ಒಂದೂ ಕೂತಿರಲಿಲ್ಲ. ಮಧ್ಯದ ಪ್ಯಾನೆಲ್ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿತ್ತು. ಹಾಕಬಾರದ ಕಡೆಯೆಲ್ಲ ಸ್ಕ್ರೂ ಹೊಡೆದು, ಅವು ತುಕ್ಕು ಹಿಡಿದು, ಒಂದೊಂದರಿಂದಲೂ ಕಂದು ನೀರಿನ ಗೆರೆ ಕೆಳಗಿಳಿದಿತ್ತು. ಅಂಚಿಗೆಲ್ಲ ಸಿಲಿಕಾನನ್ನು ಗಾಯಕ್ಕೆ ಮುಲಾಮು ಮೆತ್ತಿದ ಹಾಗೆ ಮೆತ್ತಲಾಗಿತ್ತು. ನೀರು ಒಳಗೆ ಹೋಗದಂತೆ ತಡೆಯಬೇಕಾದ ಕಡೆ ಬಿರುಕು. ಹೋದ ನೀರು ಹೊರಗೆ ಬರಬೇಕಾದ ಕಡೆ ಗಟ್ಟಿ ಬಿರಡೆ. ಸಂದಿಯಿಂದ ಒಂದು ವಾಸನೆ ಹೊರಡುತ್ತಿತ್ತು. ಬೂಷ್ಟಿನದು ನಿಜ. ಅದರಡಿಯಲ್ಲಿ ಇನ್ನೇನೋ ಇತ್ತು, ಬಹಳ ಹೊತ್ತು ನೀರಲ್ಲಿದ್ದ ತಲೆಗೂದಲಿನ ಥರದ್ದು.

"ಇದೆಲ್ಲ ಬಿಚ್ಚಿ, ಗೋಡೆ ಒಣಗಿಸಿ, ಮತ್ತೆ ಹಾಕ್ಬೇಕು. ನನ್ನ ಕೆಲಸಾನೇ ಇದು. ನೀವು ಸುಮ್ನೆ ನೋಡ್ತಾ ಇರಿ," ಎಂದಳು.

ಹಿರಿಸೊಸೆ ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವಳ ಜಡೆಯ ತುದಿಯಿಂದ ನೀರು ತೊಟ್ಟಿಕ್ಕಿ ಹೊಸ್ತಿಲ ಮೇಲೆ ಒಂದು ಪುಟ್ಟ ಮಡುವಾಗಿತ್ತು. ಅವಳು ಅಂದು ಸ್ನಾನ ಮಾಡಿರಲಿಲ್ಲ.

ಕಿರಿಸೊಸೆ ಈ ಮನೆಗೆ ಹೊಸಬಳು. ಹೊಸ ಕಟ್ಟಡಗಳ ಒಳಗಿನ ಕೆಲಸ ಮುಗಿದ ಮೇಲೆ ಹೋಗಿ ತಪ್ಪು ಹುಡುಕುವುದು ಅವಳ ಉದ್ಯೋಗ. ಹೋದಲ್ಲೆಲ್ಲ ಗೋಡೆ ತಟ್ಟುತ್ತಿದ್ದುದರಿಂದ ಕೆಲಸಗಾರರು ಬೆನ್ನ ಹಿಂದೆ ಅವಳನ್ನು ಠಕ್‌ಠಕ್ ಮೇಡಂ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು. ಧೂಳಿನ ಕೆಲಸಕ್ಕೆ ಅನುಕೂಲವೆಂದು ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಮದುವೆಯ ಮಾತುಕತೆಯಲ್ಲಿ ಅತ್ತೆಗೆ ಅದೊಂದೇ ಹಿಡಿಸಿರಲಿಲ್ಲ.

ಬಂದ ದಿನವೇ ಅವಳ ಗಮನಕ್ಕೆ ಬಂದದ್ದು ಓರಗಿತ್ತಿಯ ಒದ್ದೆ. ಹಿರಿಸೊಸೆ ಕೂತೆದ್ದ ಕುರ್ಚಿಯ ಮೇಲೆ ತೇವದ ಗುರುತು. ನಡೆದಲ್ಲಿ ಹಸಿ ಹೆಜ್ಜೆ. ಸದಾ ನೀರಲ್ಲಿದ್ದವರ ಹಾಗೆ ಬೆಳ್ಳಗೆ ಸುಕ್ಕುಗಟ್ಟಿದ ಬೆರಳ ತುದಿ. ಉಗುರು ಮೆತ್ತಗೆ. ಅವಳ ಹಾಸಿಗೆಗೆ ಪ್ಲಾಸ್ಟಿಕ್ ಹೊದಿಕೆ, ಮಹಡಿಯ ತಂತಿಯ ಮೇಲೆ ಯಾವಾಗಲೂ ಅವಳದೇ ಬಟ್ಟೆ. ಮನೆಯವರು ಚರ್ಮದ ಕಾಯಿಲೆ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಅವಳ ಗಂಡ, ಅಂದರೆ ಈ ಮನೆಯ ಹಿರಿಮಗ, ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿ ಬಹಳ ಕಾಲವಾಗಿತ್ತು. ಹಾಗಿದ್ದೂ ಅವಳು ಇಲ್ಲೇ ಉಳಿದು, ಕಣ್ಣು ಮಂಜಾದ ಅತ್ತೆಯ ಊಟ, ಔಷಧಿ, ಬಟ್ಟೆಬರೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಕಿರಿಸೊಸೆಯನ್ನು ಮೊದಲ ದಿನದಿಂದಲೂ ಪ್ರೀತಿಯಿಂದ ಕಂಡವಳು ಅವಳೊಬ್ಬಳೇ. ಬಿಸಿ ಅನ್ನ ಬಡಿಸುವಾಗ ಒದ್ದೆ ಕೈ ತಾಗದಂತೆ ಸೌಟನ್ನು ಉದ್ದಕ್ಕೆ ಹಿಡಿಯುತ್ತಿದ್ದಳು.

ಆದ್ದರಿಂದಲೇ ಕಿರಿಸೊಸೆ ಹಟ ಹಿಡಿದಳು. ಬೂಷ್ಟು ಹಿಡಿದ ಗೋಡೆಯ ಗಾಳಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಎಂಥವರಿಗೂ ಚರ್ಮ ಕೆಡುತ್ತದೆ. ಗೋಡೆ ಸರಿಯಾದರೆ ಅಕ್ಕನೂ ಸರಿಹೋಗುತ್ತಾಳೆ. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ಊಟದ ಹೊತ್ತಿಗೆ ವಿಷಯ ಎತ್ತಿದಳು. ಅತ್ತೆಯ ಕೈಯ ಚಮಚ ತಟ್ಟೆಯ ಮೇಲೆ ಬಿತ್ತು.

"ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಿ," ಎಂದಳು ಅತ್ತೆ. "ಇರೋ ತನಕ ಅದರ ತಂಟೆಗೆ ಹೋಗ್ಬೇಡಿ."

"ಯಾಕೆ ಅತ್ತೆ? ಗೋಡೇಲಿ ಏನು ಬಂಗಾರ ಹೂತಿಟ್ಟಿದೀರಾ?"

"ಬಿಡೇ, ಸುಮ್ನೆ ಯಾಕೆ," ಎಂದ ಗಂಡ, ತಟ್ಟೆಯಿಂದ ತಲೆಯೆತ್ತದೆ. "ಅಮ್ಮನಿಗೆ ಏನೇನೋ ನಂಬಿಕೆ. ಅಲ್ಲೇನೋ ಮಾಟ ಇದೆಯಂತೆ."

ಕಿರಿಸೊಸೆಗೆ ನಗು ತಡೆಯಲಾಗಲಿಲ್ಲ. "ಮಾಟಾನೂ ಇಲ್ಲ, ಮಂತ್ರಾನೂ ಇಲ್ಲ ರೀ. ಸಂದೀಲಿ ಸರಿಯಾದ ಸೀಲಂಟ್ ಇಲ್ಲ, ಅಷ್ಟೇ!"

ಅತ್ತೆ ಅರ್ಧ ಊಟದಲ್ಲೇ ಎದ್ದು ಗೋಡೆ ಸವರುತ್ತಾ ಕೋಣೆಗೆ ಹೋದಳು.

ಮರುದಿನ ಮಹಡಿಯ ಮೇಲೆ ಬಟ್ಟೆ ಹರವುತ್ತಾ ಹಿರಿಸೊಸೆ ತಾನಾಗಿ ಹೇಳಿದಳು. ಗಾಳಿಗೆ ಬಟ್ಟೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಅವಳ ದನಿ ಅವುಗಳ ನಡುವೆ ಆಗಾಗ ಮುಳುಗಿ ಏಳುತ್ತಿತ್ತು.

"ನಾವಿಬ್ರೂ ಬೇರೆ ಮನೆ ಮಾಡೋದು ಅಂತ ಇತ್ತು. ಅತ್ತೆಗೆ ಮಗ ಕೈತಪ್ಪಿ ಹೋಗ್ತಾನೆ ಅನ್ನೋ ಸಂಕಟ. ಯಾರೋ ಒಬ್ಬಳ ಹತ್ರ ಹೋಗಿ ಮಾಡಿಸ್ಕೊಂಡು ಬಂದ್ರು. ಸೋಪಿಡೋ ಗೂಡಲ್ಲಿ ಇಟ್ಟು ಸಿಮೆಂಟ್ ಬಳಿದ್ರು. ಅವತ್ತಿಂದ ನಾನು ಒಣಗಿಲ್ಲ."

"ಅಕ್ಕ..."

"ಹೆಂಡ್ತಿ ಮೇಲೆ ಜಿಗುಪ್ಸೆ ಬಂದ್ರೆ ಮಗ ಮನೇಲೇ ಇರ್ತಾನೆ ಅಂದ್ಕೊಂಡಿದ್ರು. ಜಿಗುಪ್ಸೆ ಬಂತು. ಅವರು ಹೆಂಡ್ತೀನೂ ಬಿಟ್ರು, ಅಮ್ಮನ್ನೂ ಬಿಟ್ರು." ಅವಳು ಒಂದು ರವಿಕೆ ಹಿಂಡಿದಳು. ಹಿಂಡಿದಷ್ಟೂ ನೀರು ಬಂತು. "ಮಾವನವರಿಗೆ ಆಮೇಲೆ ಗೊತ್ತಾಯ್ತು. ತೆಗೆದವರ ಕೈಗೇ ಅದು ಹತ್ತೋದಂತೆ. ಮಾಡಿಸಿದವರೇ ತೆಗೆದ್ರೆ ಅವರ ಜೊತೆಗೇ ಮುಗಿಯತ್ತಂತೆ. ಮಾವ ಅತ್ತೆ ಕಾಲು ಹಿಡ್ಕೊಂಡು ಬೇಡಿದ್ರು. ಅತ್ತೆ ಒಪ್ಲಿಲ್ಲ. ಯಾರೂ ತಿಳೀದೆ ಕೈ ಹಾಕ್ಬಾರ್ದು ಅಂತ ಮಾವ ತಾವೇ ಪ್ಯಾನೆಲ್ ಹೊಡೆದ್ರು. ಅವರಿಗೆ ಆ ಕೆಲಸ ಬರ್ತಿರ್ಲಿಲ್ಲ. ಹೊಡೆಯುವಾಗ ಅಳ್ತಾ ಇದ್ರು."

ಕಿರಿಸೊಸೆ ಓರಗಿತ್ತಿಯ ಮುಖವನ್ನೇ ನೋಡಿದಳು. ಎಂಥ ಮನೆ ಇದು, ಎಂದುಕೊಂಡಳು. ಇಷ್ಟು ಒಳ್ಳೆಯ ಹೆಂಗಸಿಗೆ ಕಾಯಿಲೆಯ ಜೊತೆ ಈ ಕಂತೆ ಪುರಾಣವನ್ನೂ ತಲೆಗೆ ತುಂಬಿ ಕೂರಿಸಿದ್ದಾರೆ.

"ನೀವೇ ಯಾರ ಕೈಲಾದ್ರೂ ತೆಗೆಸಬಹುದಿತ್ತಲ್ಲ?" ಎಂದು ಕೇಳಿದಳು, ಅರ್ಧ ತಮಾಷೆಗೆ.

"ಪ್ಲಂಬರ್‌ಗಳು ಬಂದಿದ್ರು. ಎಲ್ರನ್ನೂ ಬಾಗಿಲಿಂದಲೇ ಕಳಿಸ್ದೆ." ಹಿರಿಸೊಸೆ ತಂತಿಗೆ ಕ್ಲಿಪ್ ಹಾಕಿದಳು. "ಅವರೇನು ಮಾಡಿದ್ರು ನನಗೆ?"

ಗಂಡ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ ದಿನ ಕಿರಿಸೊಸೆ ಕೆಲಸಕ್ಕೆ ರಜೆ ಹಾಕಿದಳು. ಹಿರಿಸೊಸೆ ಮಹಡಿಯ ಮೇಲಿದ್ದಳು. ಇವಳು ಮೇನ್ ಸ್ವಿಚ್ ಆರಿಸಿದಳು, ನೀರಿನ ವಾಲ್ವ್ ತಿರುಗಿಸಿ ಬಿಗಿ ಮಾಡಿದಳು, ಸಾಮಾನಿನ ಚೀಲ ಹಿಡಿದು ಬಚ್ಚಲು ಹೊಕ್ಕಳು. ಕಿಟಕಿಯಿಲ್ಲದ ಕೋಣೆ. ಹೊರಗೆ ಹಾಡಹಗಲು, ಒಳಗೆ ಬಾವಿಯ ತಳದಂಥ ಕತ್ತಲು. ಟಾರ್ಚನ್ನು ಬಕೆಟ್ಟಿನ ಅಂಚಿಗೆ ಒರಗಿಸಿಟ್ಟಳು. ಧೂಳು ಹಾರದಿರಲೆಂದು ಬಾಗಿಲು ಎಳೆದು ಚಿಲಕ ಹಾಕಿಕೊಂಡಳು.

ಮೊದಲು ಬ್ಲೇಡಿನಿಂದ ಸಿಲಿಕಾನ್ ಸೀಳಿದಳು. ಅದು ಉದ್ದ ಹುಳುವಿನಂತೆ ಸುತ್ತಿಕೊಂಡು ಕಳಚಿ ಬಂತು. ಸ್ಕ್ರೂಗಳ ತಲೆ ಒಂದೊಂದಾಗಿ ಪುಡಿಯಾಯಿತು. ಸಂದಿಗೆ ಚಪ್ಪಟೆ ಉಳಿ ತೂರಿಸಿ ಮೀಟುವ ಮುನ್ನ, ಹಿಂದೆ ಅಂಟು ಎಲ್ಲಿ ಹಿಡಿದಿದೆಯೆಂದು ತಿಳಿಯಲು ಅಭ್ಯಾಸದಂತೆ ಗೆಣ್ಣಿನಿಂದ ತಟ್ಟಿದಳು.

ಠಕ್, ಠಕ್.

ಒಳಗಿನಿಂದ ಯಾರೋ ತಟ್ಟಿದರು.

ಠಕ್. ಠಕ್.

ಅವಳು ಕೈ ಹಿಂದಕ್ಕೆಳೆದಳು. ಪೈಪಿನಲ್ಲಿ ಸಿಕ್ಕಿದ ಗಾಳಿ ಎಂದು ತನಗೆ ತಾನೇ ಹೇಳಿಕೊಂಡಳು. ಅಂಥದ್ದು ಸಾವಿರ ಕಡೆ ಕೇಳಿದ್ದಳು. ಆದರೂ ಮತ್ತೊಮ್ಮೆ ತಟ್ಟಲು ಮನಸ್ಸಾಗಲಿಲ್ಲ. ಉಳಿ ತೂರಿಸಿ ಮೀಟಿದಳು. ಪ್ಯಾನೆಲ್ ಚರ್ರೆಂದು ಬಿಟ್ಟುಕೊಂಡಿತು. ಅದರ ಹಿಂದೆ ತುಂಬಿ ನಿಂತಿದ್ದ ಕಪ್ಪು ನೀರು ಒಮ್ಮೆಗೇ ಅವಳ ತೊಡೆಯ ಮೇಲೆ ಸುರಿಯಿತು. ಐಸಿನಂತೆ ತಣ್ಣಗಿತ್ತು. ವಾಸನೆ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು.

ಗೋಡೆಯ ಮೇಲೆ ಬೂಷ್ಟು ಕೈಬೆರಳು ಉದ್ದ ಬೆಳೆದಿತ್ತು. ಟಾರ್ಚಿನ ಬೆಳಕು ಬಿದ್ದಾಗ ಅದು ಗಾಳಿಯಿಲ್ಲದ ಕೋಣೆಯಲ್ಲಿ ಒಂದೇ ಕಡೆಗೆ ವಾಲಿತು. ಎದೆಮಟ್ಟಕ್ಕೆ ಹಳೆಯ ಸೋಪಿನ ಗೂಡು. ಬಳಿದ ಸಿಮೆಂಟು ತೇವಕ್ಕೆ ಬೆಂದ ಗೆಣಸಿನಂತಾಗಿ ಅರ್ಧ ಉದುರಿತ್ತು. ಅದರೊಳಗೆ ಏನೋ ಇತ್ತು. ಬಟ್ಟೆಯ ಗೊಂಬೆ. ಹೆಬ್ಬೆರಳಿನಷ್ಟು. ಉದ್ದ ಕೂದಲಿನಿಂದ ತಲೆಯಿಂದ ಕಾಲಿನ ತನಕ ಬಿಗಿದು ಸುತ್ತಿದ್ದರು. ಬಾಯಿರಬೇಕಾದ ಕಡೆಯಿಂದ ನೀರು ಒಸರುತ್ತಿತ್ತು. ವಾಲ್ವ್ ಮುಚ್ಚಿದ ಮನೆಯಲ್ಲಿ, ಹನಿ ಹನಿಯಾಗಿ, ನಿಲ್ಲದೆ.

ಅವಳಿಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ಒಬ್ಬಳ ಬಾಳನ್ನು ಈ ಚಿಂದಿಯ ಹೆಸರಲ್ಲಿ ಹಾಳು ಮಾಡಿದರಲ್ಲ! ಇದನ್ನು ಹಿಡಿದು ಊಟದ ಮೇಜಿನ ಮೇಲಿಟ್ಟು, ನೋಡಿ ಅತ್ತೆ, ನಿಮ್ಮ ಮಾಟ, ಅನ್ನಬೇಕು.

ಬಾಗಿಲು ದಡದಡ ಬಡಿಯಿತು.

"ಒಳಗಿದೀಯಾ? ಬಾಗಿಲು ತೆಗಿ! ಕೈ ಹಾಕ್ಬೇಡ! ಕೈ ಹಾಕ್ಬೇಡ ಕಣೇ!" ಹಿರಿಸೊಸೆಯ ದನಿ ಒಡೆದುಹೋಗಿತ್ತು.

"ಬಂದೆ ಅಕ್ಕ, ಒಂದ್ನಿಮಿಷ."

ಅವಳು ಗೂಡಿಗೆ ಕೈ ಹಾಕಿದಳು.

ಗೊಂಬೆ ಬೆಚ್ಚಗಿತ್ತು. ತಣ್ಣನೆ ಗೋಡೆಯಲ್ಲಿ ಅದೊಂದೇ ಬೆಚ್ಚಗಿತ್ತು. ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬಂತು.

ಟಾರ್ಚು ಆರಿತು.

ಕತ್ತಲು. ನೀರಿನ ಸದ್ದು. ಎಲ್ಲಿಂದಲೋ ನೀರು. ಪಾದಕ್ಕೆ ಬಂತು. ಮೊಣಕಾಲಿಗೆ ಬಂತು. ಬಾಗಿಲ ಕಡೆ ತಿರುಗಿದಳು. ಬಾಗಿಲು ಸಿಗಲಿಲ್ಲ. ಗೋಡೆ. ಗೋಡೆ. ಮತ್ತೆ ಗೋಡೆ. ಬೂಷ್ಟು ಮುಖ ಸವರಿತು. ಕಿರುಚಲು ಬಾಯಿ ತೆರೆದಳು. ಬಾಯಿ ತುಂಬ ನೀರು. ಉಪ್ಪಿಲ್ಲ, ರುಚಿಯಿಲ್ಲ, ಹಳೆಯ ನೀರು. ಕಿವಿಯಲ್ಲಿ ಯಾರೋ ಅಳುತ್ತಿದ್ದರು. ಗಂಡಸಿನ ಅಳು. ಸುತ್ತಿಗೆಯ ಪೆಟ್ಟು. ಅಳು. ಪೆಟ್ಟು. ಉಸಿರಿಲ್ಲ. ಉಸಿರಿಲ್ಲ.

ಬಾಗಿಲು ಕಿತ್ತುಕೊಂಡು ತೆರೆಯಿತು.

ಹಗಲ ಬೆಳಕು ಒಳಗೆ ಬಿತ್ತು. ನೆಲದಲ್ಲಿ ಎರಡು ಚೊಂಬಿನಷ್ಟೂ ನೀರಿರಲಿಲ್ಲ. ಕಿರಿಸೊಸೆ ಅದರಲ್ಲಿ ಮುದುಡಿ ಬಿದ್ದು ಕೆಮ್ಮುತ್ತಿದ್ದಳು. ತಲೆಯೆತ್ತಿ ನೋಡಿದಳು. ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು. ಓಡಿ ಬಂದ ರಭಸಕ್ಕೆ ಬಿಚ್ಚಿಹೋದ ಅವಳ ಜಡೆ ಗಾಳಿಗೆ ಹಾರುತ್ತಿತ್ತು. ಹಗುರವಾಗಿ, ಎಳೆ ಎಳೆಯಾಗಿ.

ಹಿರಿಸೊಸೆ ನಿಧಾನವಾಗಿ ತನ್ನ ಕೂದಲು ಮುಟ್ಟಿ ನೋಡಿಕೊಂಡಳು. ಕೆನ್ನೆ ಮುಟ್ಟಿಕೊಂಡಳು. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡಿದಳು. ಏನೂ ಬರಲಿಲ್ಲ. ಅವಳ ಬಾಯಿಂದ ಒಂದು ಸದ್ದು ಹೊರಟಿತು. ಅಳುವೋ ನಗುವೋ ಕಿರಿಸೊಸೆಗೆ ತಿಳಿಯಲಿಲ್ಲ.

ಆ ದಿನ ಕಿರಿಸೊಸೆ ಎಷ್ಟು ಒರೆಸಿಕೊಂಡರೂ ಮೈ ಆರಲಿಲ್ಲ. ಗೊಂಬೆಯನ್ನು ಗಟಾರಕ್ಕೆ ಎಸೆದು ಬಂದಿದ್ದಳು. ಬೆಳಿಗ್ಗೆ ನೋಡಿದರೆ ಅದು ಗೂಡಿನಲ್ಲೇ ಇತ್ತು. ಸುತ್ತಿದ ಕೂದಲು ಮಾತ್ರ ಬೇರೆ, ಗಿಡ್ಡ ಕೂದಲು. ಅವಳೇ ಎಳೆದು ನೋಡಿದಳು. ಗೋಡೆಗೆ ಬೇರು ಬಿಟ್ಟಂತೆ ಕಚ್ಚಿಕೊಂಡಿತ್ತು.

ಡಾಕ್ಟರು ಮುಲಾಮು ಕೊಟ್ಟರು. ಮುಲಾಮು ಮೈಮೇಲೆ ನಿಲ್ಲದೆ ಹಾಲಿನಂತೆ ಹರಿಯಿತು. ಕೆಲಸದ ಜಾಗದಲ್ಲಿ ಅವಳು ಮುಟ್ಟಿದ ನಕ್ಷೆಗಳು ನೆನೆದು ಮುದ್ದೆಯಾದವು. ತಟ್ಟಿದ ಗೋಡೆಗಳ ಮೇಲೆ ಮರುದಿನ ತೇವ ಕಂಡಿತು. ಒಂದು ದಿನ ಮೇಲಿನವರು ಕರೆದು, ಮನೆಯಲ್ಲೇ ಸ್ವಲ್ಪ ಕಾಲ ವಿಶ್ರಾಂತಿ ತಗೊಳ್ಳಿ ಎಂದರು. ಅವಳು ಎದ್ದು ಹೋದ ಕುರ್ಚಿಯನ್ನು ಯಾರೋ ಮೂಗು ಮುಚ್ಚಿಕೊಂಡು ಬಿಸಿಲಿಗೆ ಎಳೆದರು. ಬಿಚ್ಚಿದ ಪ್ಯಾನೆಲ್‌ಗಳನ್ನಾದರೂ ತಿರುಗಿ ಕೂರಿಸೋಣವೆಂದು ಅಂಟು ಹಚ್ಚಿದಳು. ಅವಳ ಕೈಯ ಅಂಟು ಗಟ್ಟಿಯಾಗಲಿಲ್ಲ. ಗೋಡೆ ಹಾಗೇ ಬಾಯಿ ತೆರೆದು ನಿಂತಿತು.

ಗಂಡ ಮೊದಲ ವಾರ ದುಡಿದ. ಹಾಸಿಗೆ ಒಣಗಿಸಿದ, ಫ್ಯಾನ್ ತಂದ. ಆಮೇಲೆ ಶೀತವೆಂದು ಹಾಲ್‌ನಲ್ಲಿ ಮಲಗತೊಡಗಿದ. ಅವಳು ಎಲ್ಲವನ್ನೂ ಹೇಳಿ, "ನೀವೊಂದು ಸಲ ಎಳೆದು ನೋಡಿ ರೀ, ಸುಳ್ಳಾದ್ರೆ ಏನೂ ಆಗಲ್ವಲ್ಲ," ಎಂದಳು.

"ನಾನು ಇಂಥದ್ನೆಲ್ಲ ನಂಬಲ್ಲ ಕಣೇ," ಎಂದ ಅವನು. ನಂಬದಿದ್ದವನು ಕೈ ಮಾತ್ರ ಹಾಕಲಿಲ್ಲ.

ಕೊನೆಗೆ ಅವಳು ಓರಗಿತ್ತಿಯ ಕೋಣೆಗೆ ಹೋದಳು. ಹಿರಿಸೊಸೆ ಬಿಸಿಲು ಬೀಳುವ ಕಡೆ ಕೂತು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಎಲ್ಲ ಒಣ ಬಟ್ಟೆ. ಒಂದೊಂದನ್ನೂ ಮಡಿಸುವ ಮುನ್ನ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು.

"ಅಕ್ಕ, ನಾವಿಬ್ರೂ ಹಂಚ್ಕೊಳ್ಳೋಣ. ಸ್ವಲ್ಪ ದಿನ ನೀವು, ಸ್ವಲ್ಪ ದಿನ ನಾನು."

ಹಿರಿಸೊಸೆಯ ಕೈ ನಿಂತಿತು.

"ನಾನು ಹೇಳಿದ್ದೆ," ಎಂದಳು.

"ಹೇಳಿದ್ರಿ. ನಾನು ನಕ್ಕೆ. ಕಾಲಿಗೆ ಬೀಳ್ತೀನಿ ಅಕ್ಕ."

"ಬೀಳ್ಬೇಡ. ನೆಲ ಒದ್ದೆ ಆಗತ್ತೆ." ಹಾಗೆಂದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತು. ಆ ನೀರೂ ಕೆನ್ನೆಯ ಮೇಲೆ ಇಳಿದು ಆರಿಹೋಯಿತು. "ನನ್ನ ಕೈಲಾಗಲ್ಲ. ಕೆಟ್ಟವಳು ಅಂದ್ಕೋ. ಮತ್ತೆ ಆ ಮೈಯೊಳಕ್ಕೆ ಹೋಗೋಕೆ ನನ್ನ ಕೈಲಾಗಲ್ಲ."

"ಅತ್ತೆ ಕೈಲಿ ತೆಗೆಸಬಹುದು ಅಂದ್ರಲ್ಲ? ಅಲ್ಲಿಗೇ ಮುಗಿಯತ್ತೆ ಅಂತ."

"ಅವರಿಗೆ ಕಣ್ಣು ಕಾಣ್ಸಲ್ಲ. ಅವರ ಊಟ, ಸ್ನಾನ ಎಲ್ಲಾ ನನ್ನ ಕೈಲೇ ಇತ್ತು. ಪ್ಯಾನೆಲ್ ಬಿಚ್ಚಿ ಅವರ ಕೈನ ಗೂಡಿಗೆ ಇಡಿಸೋಣ ಅಂತ ಎಷ್ಟೋ ಸಲ ಮನಸ್ಸು ಬಂತು." ಹಿರಿಸೊಸೆ ಚೀಲದ ಜಿಪ್ ಎಳೆದಳು. "ಕೈ ಬರ್ಲಿಲ್ಲ."

ಅಂದು ಸಂಜೆಗೆ ಮುಂಚೆ ಅವಳು ಮನೆ ಬಿಟ್ಟಳು. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಕಿರಿಸೊಸೆ ಅತ್ತೆಯನ್ನು ನೇರವಾಗಿ ಕೇಳಿದಳು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು, ತಿರುಗಲಿಲ್ಲ.

"ನಾನು ಇನ್ನೆಷ್ಟು ದಿನದವಳು? ಒಣ ಹಾಸಿಗೆ ಮೇಲೆ ಸಾಯ್ಬೇಕು ಅಂತ ಒಂದೇ ಆಸೆ. ಅದನ್ನೂ ಕಿತ್ಕೊಳ್ತೀಯಾ?"

"ನಾನಿನ್ನೂ ಬದುಕ್ಬೇಕು ಅತ್ತೆ."

"ಅವಳೂ ಬದುಕಿರ್ಲಿಲ್ವಾ? ಅಭ್ಯಾಸ ಆಗತ್ತೆ."

ಆ ಕೊನೆಯ ಮಾತು ಕಿರಿಸೊಸೆಯ ಎದೆಯಲ್ಲಿ ಕೂತುಬಿಟ್ಟಿತು. ಅಭ್ಯಾಸ ಆಗುತ್ತದೆ. ಅವಳು ಪ್ಲಾಸ್ಟಿಕ್ ಹೊದಿಸಿದ ಹಾಸಿಗೆಯ ಮೇಲೆ ಮಲಗಿ, ಕಿವಿಯ ಹತ್ತಿರ ಸದಾ ತೊಟ್ಟಿಕ್ಕುವ ತನ್ನದೇ ಸದ್ದು ಕೇಳುತ್ತಾ ಅದನ್ನೇ ತಿರುವಿ ಹಾಕಿದಳು. ಬೆರಳ ತುದಿಯ ಚರ್ಮ ಸಿಪ್ಪೆಯಂತೆ ಏಳುತ್ತಿತ್ತು. ಹಲ್ಲಿನ ಬುಡದಲ್ಲಿ ಬೂಷ್ಟಿನ ರುಚಿ. ನಿದ್ದೆ ಹತ್ತಿದರೆ ಗೋಡೆಯೊಳಗೆ ಅಳುವ ಗಂಡಸಿನ ದನಿ.

ಅತ್ತೆಯ ಒಂದು ಕಣ್ಣು ಎಂದೋ ಹೋಗಿತ್ತು. ಮಂಜಾಗಿದ್ದ ಇನ್ನೊಂದಕ್ಕೆ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಮಗ ಬಾಗಿಲವರೆಗೆ ಬಿಟ್ಟು ಆಫೀಸಿಗೆ ಹೋದ. ಅತ್ತೆ ಮೈ ಒರೆಸಿಕೊಳ್ಳಬೇಕೆಂದಳು. ಆಸ್ಪತ್ರೆಯ ವಾಸನೆ ಹೇಸಿಗೆಯಂತೆ.

ಆ ಗೋಡೆ ತೆರೆದುಕೊಂಡಂದಿನಿಂದ ಅತ್ತೆ ಬಚ್ಚಲಿನ ಎದುರು ಮೂಲೆಯಲ್ಲಿ, ಗೂಡಿಗೆ ಬೆನ್ನು ಮಾಡಿ, ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡುತ್ತಿದ್ದಳು. ಬಲಕ್ಕೆ ಕೈ ಚಾಚಿದರೆ ಸೋಪಿನ ಹಲಗೆ. ಅಂದು ಕಿರಿಸೊಸೆ ಮೊದಲೇ ಹೋಗಿ ಆ ಸ್ಟೂಲನ್ನು ಎತ್ತಿ ಈಚೆ ತಂದು, ಗೂಡು ಬಲಕ್ಕೆ ಬರುವಂತೆ ತಿರುಗಿಸಿಟ್ಟಳು. ಬಕೆಟ್ಟನ್ನೂ ಸರಿಸಿದಳು. ಹಾಗೆ ಮಾಡುವಾಗ ಅವಳ ಮನಸ್ಸು ಅಳತೆಪಟ್ಟಿ ಹಿಡಿದಾಗಿನಷ್ಟು ಶಾಂತವಾಗಿತ್ತು. ನಿಂತು ಒಂದು ಸಲ ನೋಡಿದಳು. ಕೈ ಎಟುಕುವಷ್ಟೇ ದೂರ.

ಅತ್ತೆಯ ತೋಳು ಹಿಡಿದು ಒಳಗೆ ಕರೆತಂದಳು. ಎರಡು ಸುತ್ತು ಹೆಚ್ಚಿಗೆ ತಿರುಗಿಸಿ ಕೂರಿಸಿದಳು.

"ಇದೇನು, ಇಷ್ಟು ವಾಸನೆ?" ಎಂದಳು ಅತ್ತೆ.

"ನಂದೇ ಅತ್ತೆ."

ಬಿಸಿನೀರಿನ ಹಬೆ ಮೇಲೆದ್ದಿತು. ಗೂಡಿನಲ್ಲಿ ಗೊಂಬೆಯ ಬಾಯಿಂದ ಹನಿ ಬೀಳುವ ಸದ್ದು ನಿಂತುಹೋಯಿತು. ಇಷ್ಟು ದಿನದಲ್ಲಿ ಮೊದಲ ಸಲ.

"ಸೋಪು ಎಲ್ಲಿ?"

"ಬಲಗಡೆ."

ಸುಕ್ಕುಗಟ್ಟಿದ ಕೈ ಗಾಳಿಯಲ್ಲಿ ತಡಕಿತು. ಗೋಡೆಗೆ ತಾಗಿತು.

"ಸಿಗ್ತಾ ಇಲ್ವಲ್ಲೇ."

"ಸ್ವಲ್ಪ ಮೇಲೆ ಅತ್ತೆ."

ಕೈ ಮೇಲೆ ಹೋಯಿತು. ಕಿರಿಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಅತ್ತೆ, ಕೈ ತೆಗೀರಿ, ಎಂದು ಕೂಗಬಹುದಿತ್ತು. ಇನ್ನೂ ಸಮಯವಿತ್ತು. ಅವಳ ಗಿಡ್ಡ ಕೂದಲಿನಿಂದ ಒಂದು ಹನಿ ಜಾರಿ ತುಟಿಗೆ ಬಂತು. ಹಳೆಯ ನೀರಿನ ರುಚಿ.

"ಇನ್ನೂ ಒಳಗೆ," ಎಂದಳು. "ಅಲ್ಲೇ ಇದೆ ನೋಡಿ."

ಬೆರಳು ಒಳಗೆ ಹೋಯಿತು. ನಿಂತಿತು. ಆ ಕೈಗೆ ಅದರ ಗುರುತು ಸಿಕ್ಕಿತ್ತು. ಅತ್ತೆಯ ಬಾಯಿ ತೆರೆಯಿತು. ಕೈ ಹಿಂದಕ್ಕೆಳೆದುಕೊಂಡಳು. ಕೂದಲು ಬೆರಳಿಗೆ ಸುತ್ತಿತ್ತು. ಬಿಡಿಸಲು ಒದರಿದಳು. ಬಿಡಲಿಲ್ಲ. ಜೋರಾಗಿ ಎಳೆದಳು. ಬೇರು ಕಿತ್ತ ಸದ್ದು. ಗೊಂಬೆ ಕೈಗೆ ಬಂತು.

ಹಬೆ ಕಪ್ಪಾಯಿತು. ಗೋಡೆಯ ಬೂಷ್ಟು ಒಮ್ಮೆಗೇ ಮಲಗಿತು. ಬಕೆಟ್ಟು ಉರುಳಿತು. ಮುದುಕಿ ಕಿರುಚಲಿಲ್ಲ. ನೀರು ಕುಡಿದವರ ಹಾಗೆ ಗುಟುಕರಿಸಿದಳು. ಒಂದು ಸಲ. ಇನ್ನೊಂದು ಸಲ. ಆಮೇಲೆ ಎಲ್ಲ ನಿಂತಿತು.

ಕಿರಿಸೊಸೆ ತನ್ನ ಅಂಗೈ ನೋಡಿಕೊಂಡಳು. ಒಣಗಿತ್ತು. ಉಜ್ಜಿದರೆ ಕಾಗದದಂತೆ ಸರಸರ ಎಂದಿತು. ಎದುರಿಗೆ ಅತ್ತೆಯ ಬಿಳಿ ಕೂದಲಿನಿಂದ, ಕಣ್ಣಿನ ಪಟ್ಟಿಯಿಂದ, ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. ಕೈಯಲ್ಲಿದ್ದ ಗೊಂಬೆ ಕೆಸರಾಗಿ ಬೆರಳ ಸಂದಿಯಿಂದ ಸೋರಿಹೋಯಿತು.

"ಯಾರು ಅಲ್ಲಿ?" ಎಂದಳು ಅತ್ತೆ, ಮೆಲ್ಲಗೆ.

"ನಾನೇ ಅತ್ತೆ."

ಅತ್ತೆ ತಲೆಯಾಡಿಸಿದಳು.

ಕಣ್ಣಿನ ಪಟ್ಟಿ ಒಣಗಲೇ ಇಲ್ಲ. ಗಾಯ ಮಾಯಲಿಲ್ಲ, ಕೀವಾಯಿತು, ಆ ಕಣ್ಣೂ ಹೋಯಿತು. ಮೈಮೇಲಿನ ಚರ್ಮ ಅಲ್ಲಲ್ಲಿ ಬಿಟ್ಟುಕೊಂಡಿತು. ಕಿರಿಸೊಸೆ ಹಗಲೂ ಇರುಳೂ ಅವಳ ಮೈ ಒರೆಸಿದಳು, ಹಾಸಿಗೆ ಬದಲಿಸಿದಳು, ಬಾಯಿಗೆ ಗಂಜಿ ಹಾಕಿದಳು. ಒಂದು ದಿನವೂ ತಪ್ಪಿಸಲಿಲ್ಲ. ನಡುವೆ ಬಚ್ಚಲಿನ ಗೋಡೆಯನ್ನೂ ಸರಿಮಾಡಿದಳು. ಗೂಡು ಮುಚ್ಚಿದಳು, ನೀರು ತಡೆಯುವ ಬಣ್ಣ ಬಳಿದಳು, ಹೊಸ ಪ್ಯಾನೆಲ್‌ಗಳನ್ನು ಅಂಚಿಗೆ ಅಂಚು ಕೂರಿಸಿದಳು. ಒಂದು ಹನಿಯೂ ಒಳಗೆ ಹೋಗದು. ಗಂಡ ಮತ್ತೆ ಕೋಣೆಗೆ ಬಂದು ಮಲಗಿದ. ಅವಳು ಅವನ ಕಡೆ ಬೆನ್ನು ಮಾಡಿದಳು.

ಅತ್ತೆ ಮಗನಿಗೆ ಏನನ್ನೂ ಹೇಳಲಿಲ್ಲ. ಅದೇ ಕಿರಿಸೊಸೆಯನ್ನು ತಿನ್ನುತ್ತಿತ್ತು. ಒಂದು ಮಧ್ಯಾಹ್ನ ಬೆನ್ನು ಒರೆಸುತ್ತಿರುವಾಗ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾಕೆ ಅತ್ತೆ ಸುಮ್ನಿದೀರಿ? ಬೈದುಬಿಡಿ."

ಮುದುಕಿ ನಕ್ಕಳು. ನಕ್ಕಾಗ ಬಾಯಿಯ ಕೊನೆಯಿಂದ ನೀರು ಇಳಿಯಿತು. ತಡಕಿ ಸೊಸೆಯ ಒಣ ಕೈಯನ್ನು ಹಿಡಿದುಕೊಂಡಳು.

"ದೊಡ್ಡವಳು ನನಗೆ ಯಾವತ್ತೂ ಅರ್ಥ ಆಗ್ಲಿಲ್ಲ. ಅಷ್ಟು ವರ್ಷ ನನ್ನ ಕೈ ಹಿಡ್ಕೊಂಡು ಬಚ್ಚಲಿಗೆ ಕರ್ಕೊಂಡು ಹೋದ್ಳು, ಒಂದು ದಿನಾನೂ ಮಾಡ್ಲಿಲ್ಲ. ನೀನು ಮಾಡ್ದೆ. ನಿನ್ನ ಜಾಗದಲ್ಲಿ ನಾನಿದ್ರೂ ಮಾಡ್ತಿದ್ದೆ." ಕೈಯನ್ನು ಮೆಲ್ಲಗೆ ತಟ್ಟಿದಳು. "ಈ ಮನೆಗೆ ಸರಿಯಾದ ಸೊಸೆ ನೀನೇ."

ಕಿರಿಸೊಸೆ ಕೈ ಬಿಡಿಸಿಕೊಳ್ಳಲು ನೋಡಿದಳು. ಮುದುಕಿಯ ಹಿಡಿತ ಬಿಗಿಯಾಗಿತ್ತು.

ಚಳಿ ಶುರುವಾಗುವ ಹೊತ್ತಿಗೆ ಅತ್ತೆ ತೀರಿಕೊಂಡಳು. ಪ್ರಾಣ ಹೋದ ಗಳಿಗೆಯಲ್ಲೇ ಅವಳ ಮೈ ಆರಿತು. ಮಗ, ಅಮ್ಮನ ಮುಖ ಎಷ್ಟು ಕಳೆಯಾಗಿದೆ ನೋಡು, ಎಂದು ಅತ್ತ.

ಮನೆ ತುಂಬ ಜನ ಸೇರಿದರು. ಹೆತ್ತ ಮಗಳೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ಬಂದವರೆಲ್ಲ ಕಿರಿಸೊಸೆಯ ತಲೆ ಸವರಿದರು. ಅವಳು ತಲೆ ತಗ್ಗಿಸಿ ಎಲ್ಲರಿಗೂ ನೀರು ಕೊಡುತ್ತಿದ್ದಳು. ತಟ್ಟೆ ಹಿಡಿದು ಬಾಗಿಲ ಕಡೆ ಬಂದಾಗ ಎದುರಿಗೆ ಹಿರಿಸೊಸೆ ನಿಂತಿದ್ದಳು. ಸುದ್ದಿ ಯಾರು ಮುಟ್ಟಿಸಿದರೋ. ಮೈ ತುಂಬಿಕೊಂಡಿದ್ದಳು, ಕೂದಲಿಗೆ ಎಣ್ಣೆ ಹಾಕಿ ನೀಟಾಗಿ ಬಾಚಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರೊಳಗೆ ಮೆತ್ತನೆಯ ದಪ್ಪ ಟವೆಲ್‌ಗಳು ಕಾಣುತ್ತಿದ್ದವು. ಓರಗಿತ್ತಿಗೆಂದು ತಂದಿದ್ದಳು.

ಕಿರಿಸೊಸೆ ಕೊಟ್ಟ ಲೋಟವನ್ನು ಅವಳು ತೆಗೆದುಕೊಳ್ಳಲು ಹೋದಳು. ಬೆರಳಿಗೆ ಬೆರಳು ತಾಗಿತು. ಹಿರಿಸೊಸೆ ಆ ಬೆರಳುಗಳನ್ನೇ ನೋಡಿದಳು. ಒಳಗೆ ಮಲಗಿಸಿದ್ದ ಅತ್ತೆಯ ಕಡೆ ನೋಡಿದಳು, ಅತ್ತೆಯ ಮಂಚದ ಕೆಳಗೆ ಮಡಿಸಿಟ್ಟಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ನೋಡಿದಳು. ಮತ್ತೆ ಇವಳ ಮುಖ ನೋಡಿದಳು.

"ಒಣಗಿದೀಯಲ್ಲ," ಎಂದಳು.

"ಅಕ್ಕ, ನಾನು..."

ಹಿರಿಸೊಸೆ ಲೋಟವನ್ನು ತಟ್ಟೆಯ ಮೇಲೆ ತಿರುಗಿ ಇಟ್ಟಳು. ಒಂದು ಗುಟುಕೂ ಕುಡಿದಿರಲಿಲ್ಲ. ಒಳಗೆ ಹೋಗಿ ಅತ್ತೆಯ ಕಾಲ ಬಳಿ ಸ್ವಲ್ಪ ಹೊತ್ತು ಕೂತಳು, ಹೊದಿಕೆಯ ಅಂಚು ಸರಿಮಾಡಿದಳು, ಎದ್ದಳು. ಹೋಗುವಾಗ ಟವೆಲಿನ ಚೀಲವನ್ನು ಅಲ್ಲೇ ಬಿಟ್ಟು ಹೋದಳು. ಕಿರಿಸೊಸೆ ಹೊಸ್ತಿಲವರೆಗೆ ಹಿಂದೆ ಬಂದು, "ಅಕ್ಕ," ಎಂದು ಕರೆದಳು. ಹಿರಿಸೊಸೆ ಗೇಟು ತೆರೆದುಕೊಂಡು ಬೀದಿಗಿಳಿದಳು, ತಿರುಗಿ ನೋಡಲಿಲ್ಲ.